ತಂಗಿಯ ಪಾಠಕ್ಕೆ ನಾನು ಹೇಳಿದ ಉತ್ತರಗಳು

ನನ್ನ ತಂಗಿ ಬಿ.ಇಡಿ. ಓದುತ್ತಿದ್ದಾಗ ಅವಳಿಗೆ ಮನೆಯಲ್ಲಿ ಸಿಕ್ಕಿದ್ದ ತರಗತಿ ಎಂದರೆ ನಾವಿಬ್ಬರೇ, ನಾನು ಮತ್ತು ನನ್ನ ಅತ್ತೆ. ಯಲಬುರ್ಗಾದಲ್ಲಿ ನಮ್ಮದು ರೊಟ್ಟಿ ಮಾರುವ ಮನೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಜೋಳದ ರೊಟ್ಟಿ ಬಡಿಯುತ್ತೇನೆ, ಅತ್ತೆ ಬೇಯಿಸುತ್ತಾರೆ, ನನ್ನ ಗಂಡ ಅವನ್ನು ಊರಿನ ಖಾನಾವಳಿಗಳಿಗೂ ಕುಷ್ಟಗಿಯ ಅಂಗಡಿಗಳಿಗೂ ಮುಟ್ಟಿಸಿ ಬರುತ್ತಾರೆ. ಕೊಪ್ಪಳದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರಲು ಅನುಕೂಲವೆಂದು ತಂಗಿ ನಮ್ಮ ಮನೆಯಲ್ಲೇ ಇದ್ದಳು. ಸಣ್ಣವಳಿದ್ದಾಗ ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ನಾನು ಓದಿದ್ದು ಆರನೇ ತರಗತಿಯವರೆಗೆ, ಅವಳು ಓದಿದ್ದು ಬಿ.ಎ. ಮುಗಿಯುವವರೆಗೆ. ಆ ಅಂತರ ನಮ್ಮಿಬ್ಬರ ಬಾಯಲ್ಲಿ ಎಂದೂ ಬಂದಿರಲಿಲ್ಲ. ನಾನು ಮಾಡಿದ ತಪ್ಪಿಗೆ ಬೇರು ಅಲ್ಲೇ ಇತ್ತು ಅನ್ನಿಸುತ್ತದೆ.

ಟೀಚರಾಗುವವರು ಏನು ಓದುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಗಣಿತದವರು ಗಣಿತ ಓದಿರುತ್ತಾರೆ, ಕನ್ನಡದವರು ಕನ್ನಡ ಓದಿರುತ್ತಾರೆ, ಆಮೇಲೆ ಶಾಲೆಗೆ ಹೋಗಿ ಅದನ್ನೇ ಹೇಳುತ್ತಾರೆ ಎಂದುಕೊಂಡಿದ್ದೆ. ಡಿಗ್ರಿ ಆದ ಮೇಲೆ ಇನ್ನೂ ಎರಡು ವರ್ಷ ಕಲಿಸುವುದನ್ನೇ ಕಲಿಯಬೇಕು ಎಂದು ತಂಗಿ ಹೇಳಿದಾಗ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಕೇಳಿದರು.

"ಅಲ್ಲಬೇ, ರೊಟ್ಟಿ ಬಡ್ಯಾಕ ಕಾಲೇಜ ಇಲ್ಲ, ಹೊಲ ಹರಗಾಕ ಕಾಲೇಜ ಇಲ್ಲ, ಬರೇ ನಿಂತು ಮಾತಾಡಾಕ ಎರಡು ವರ್ಸ ಕಾಲೇಜ ಐತೇನ?"

"ಮಾತಾಡಾಕಲ್ರಿ ಅತ್ತಿ. ಮಾತಾಡಿದ್ದು ಹುಡುಗ್ರ ತಲಿಯಾಗ ಇಳಿಯಂಗ ಮಾಡಾಕ" ಎಂದಳು ತಂಗಿ. ನನ್ನ ಅತ್ತೆಯನ್ನು ಅವಳೂ ಅತ್ತಿ ಎಂದೇ ಕರೆಯುತ್ತಿದ್ದಳು.

"ಇಳೀಲಿಲ್ಲಂದ್ರ?"

"ಅದಕ್ಕೂ ಒಂದು ಪುಸ್ತಕ ಐತ್ರಿ."

ನಿಜವಾಗಿಯೂ ಇತ್ತು. ಮಕ್ಕಳ ಮನಸ್ಸು ಯಾವ ವಯಸ್ಸಿನಲ್ಲಿ ಯಾವುದನ್ನು ಹಿಡಿಯಬಲ್ಲದು, ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಕಿಟಕಿಯಾಚೆ ನೋಡುತ್ತಾನೆ, ಅದು ಏಕೆ, ಹೀಗೆಲ್ಲ ಹೇಳುವ ಮನೋವಿಜ್ಞಾನದ ದಪ್ಪ ಪುಸ್ತಕವನ್ನು ಅವಳು ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳನ್ನು ಉಳಿದವರ ಜೊತೆಗೇ ಕೂರಿಸಿಕೊಂಡು ಕಲಿಸುವುದು ಹೇಗೆ ಎಂಬುದು ಒಂದು ವಿಷಯ. ಪ್ರಶ್ನೆಪತ್ರಿಕೆ ಮಾಡುವುದಕ್ಕೂ ಮೊದಲು ನೀಲನಕ್ಷೆ ಹಾಕಬೇಕು, ಸುಲಭದ್ದು ಎಷ್ಟು, ಕಠಿಣದ್ದು ಎಷ್ಟು ಎಂದು ತೂಗಬೇಕು ಎಂಬುದು ಇನ್ನೊಂದು. ಹಲಗೆಯ ಮೇಲೆ ಬರೆಯುವಾಗ ಮಕ್ಕಳಿಗೆ ಪೂರ್ತಿ ಬೆನ್ನು ತೋರಿಸಬಾರದು ಎಂದು ಅವಳು ನಮ್ಮ ಹಿತ್ತಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ನಿಂತು ಬರೆದು ಬರೆದು ರೂಢಿ ಮಾಡಿಕೊಂಡಳು. ಹಾದಿಯಲ್ಲಿ ಹೋಗುವವರು ಈ ಹುಡುಗಿಗೆ ಕುತ್ತಿಗೆ ಹಿಡಿದಿದೆಯೇನೋ ಎಂದು ನೋಡುತ್ತಿದ್ದರು.

ಮೊದಲ ವರ್ಷ ಸೂಕ್ಷ್ಮ ಬೋಧನೆ ಎಂದು ಮಾಡಿಸಿದರು. ಕಾಲೇಜಿನ ಗೆಳತಿಯರೇ ಮಕ್ಕಳಂತೆ ಕೂರುತ್ತಾರೆ, ಇವಳು ಕೆಲವೇ ನಿಮಿಷ ಒಂದೇ ಒಂದು ಕೌಶಲವನ್ನು ತೋರಿಸಬೇಕು. ಇವತ್ತು ಪ್ರಶ್ನೆ ಕೇಳುವುದು ಮಾತ್ರ. ನಾಳೆ ಉದಾಹರಣೆ ಕೊಡುವುದು ಮಾತ್ರ. ಹಿಂದೆ ಕೂತವರು ತಪ್ಪು ಬರೆದುಕೊಳ್ಳುತ್ತಾರೆ, ಮತ್ತೆ ಮಾಡಬೇಕು. ಸರಿಯುತ್ತರ ಕೊಟ್ಟ ಮಗುವಿಗೆ ಶಬಾಷ್ ಎನ್ನುವುದೂ ಅವರಲ್ಲಿ ಒಂದು ಕೌಶಲ, ಅದಕ್ಕೆ ಪುನರ್ಬಲನ ಎಂದು ಹೆಸರು.

ಇದೆಲ್ಲದರ ಬೆನ್ನೆಲುಬು ಪಾಠ ಯೋಜನೆ. ಅದು ಇಲ್ಲದೆ ತರಗತಿಗೆ ಕಾಲಿಡುವಂತಿಲ್ಲ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಟೀಚರು ಕೇಳುವ ಪ್ರಶ್ನೆ, ಬಲಕ್ಕೆ ಮಕ್ಕಳು ಹೇಳುವ ಉತ್ತರ. ಮಕ್ಕಳನ್ನು ನೋಡುವ ಮೊದಲೇ ಅವರ ಉತ್ತರ ಬರೆದಿರಬೇಕು. ಪಾಠದ ಆರಂಭಕ್ಕೆ ಪೀಠಿಕೆ ಎಂದು ನಾಲ್ಕಾರು ಪ್ರಶ್ನೆ ಕೇಳಿ, ಕೊನೆಯ ಉತ್ತರ ಬಂದ ಕೂಡಲೇ "ಹಾಗಾದರೆ ಮಕ್ಕಳೇ, ಇಂದು ನಾವು ಇದರ ಬಗ್ಗೆ ತಿಳಿಯೋಣ" ಎಂದು ಪಾಠದ ಹೆಸರನ್ನು ಹಲಗೆಯ ಮೇಲೆ ಬರೆಯಬೇಕು.

ಎರಡನೇ ವರ್ಷ ಅವಳನ್ನು ತಳಕಲ್ ಕಡೆಯ ಒಂದು ಹಳ್ಳಿಯ ಶಾಲೆಗೆ ಬೋಧನಾಭ್ಯಾಸಕ್ಕೆ ಹಾಕಿದರು. ಆರನೇ ತರಗತಿ, ಸಮಾಜ ವಿಜ್ಞಾನ, ನಮ್ಮ ನಾಡಿನ ನದಿಗಳು. ಅದನ್ನು ಮೊದಲು ನಮ್ಮ ಮೇಲೆ ಮಾಡಿ ನೋಡಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಸೀರೆಯ ಸೆರಗು ಸರಿಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ ಶುರು ಮಾಡಿದಳು.

"ಮಕ್ಕಳೇ, ಬೆಳಿಗ್ಗೆ ಎದ್ದ ಕೂಡಲೇ ನೀವು ಏನು ಮಾಡುತ್ತೀರಿ?"

"ಚಾ ಕುಡೀತೀನಿ" ಎಂದರು ಅತ್ತೆ.

"ಅದಕ್ಕಿಂತ ಮೊದಲು?"

"ಹಾಲಿನವ ಬಂದಾನೋ ಇಲ್ಲೋ ನೋಡ್ತೀನಿ."

"ಅತ್ತಿ, ಮಾರಿ ತೊಳ್ಕೊಳ್ಳೂದಿಲ್ಲೇನ್ರಿ?"

"ತೊಳ್ಕೋತೀನಿ. ಅದನ್ನ್ಯಾಕ ನಿಮ್ಮ ಸಾಲ್ಯಾಗ ಹೇಳ್ಬೇಕು?"

"ಯಾವುದರಿಂದ ತೊಳೆದುಕೊಳ್ಳುತ್ತೀರಿ?"

"ನೀರಿಂದ."

ತಂಗಿಯ ಮುಖ ಅರಳಿತು. "ಬಹಳ ಒಳ್ಳೆಯ ಉತ್ತರ! ಆ ನೀರು ನಮಗೆ ಎಲ್ಲಿಂದ ಬರುತ್ತದೆ?"

"ನಳದಾಗಿಂದ. ನಳ ಬರ್ಲಿಲ್ಲಂದ್ರ ಟ್ಯಾಂಕರದಾಗಿಂದ. ಅದೂ ಬರ್ಲಿಲ್ಲಂದ್ರ ಮಾರಿ ತೊಳ್ಯೂದ ಇಲ್ಲ."

ತಂಗಿ ಸೋತು ನನ್ನ ಕಡೆ ನೋಡಿದಳು. ಯೋಜನೆಯ ಪುಟ ನನ್ನ ಮಣೆಯ ಪಕ್ಕದಲ್ಲೇ ತೆರೆದಿತ್ತು. ಬಲಗಡೆಯ ಸಾಲಿನಲ್ಲಿ ಇದ್ದದ್ದನ್ನು ನಾನು ಓದಿ ಕೈಯೆತ್ತಿದೆ. "ನದಿಯಿಂದ ಟೀಚರ್!"

"ಶಬಾಷ್!"

ಆ ಶಬಾಷ್ ನನಗೆ ಎಷ್ಟು ಹಿತವಾಯಿತು ಎಂದು ಹೇಳಲಾರೆ. ಶಾಲೆಯಲ್ಲಿ ನನಗೆ ಅದು ಸಿಕ್ಕ ನೆನಪೇ ಇಲ್ಲ. ಮುಂದೆ ನನಗೆ ಅದರ ರುಚಿ ಹತ್ತಿಬಿಟ್ಟಿತು. ತಂಗಿ ಸ್ನಾನಕ್ಕೆ ಹೋದಾಗ ಯೋಜನೆಯ ಬಲಗಡೆಯ ಸಾಲನ್ನು ಓದಿಟ್ಟುಕೊಳ್ಳುತ್ತಿದ್ದೆ. ಪ್ರಶ್ನೆ ಬಂದ ಕೂಡಲೇ ಉತ್ತರ ಕೊಡುತ್ತಿದ್ದೆ. ಅವಳು ಕರ್ನಾಟಕದ ನಕ್ಷೆಯನ್ನು ಒಲೆಯಾಚೆಯ ಗೋಡೆಗೆ ತೂಗುಹಾಕಿ, ಕೋಲಿನಿಂದ ತುಂಗಭದ್ರೆಯನ್ನು ತೋರಿಸುತ್ತಾ ಹೋಗಿ ಕೊನೆಗೆ "ತಿಳಿಯಿತೇ?" ಎಂದರೆ ಹಿಟ್ಟಿನ ಕೈಯನ್ನೇ ಎತ್ತಿ "ತಿಳೀತು ಟೀಚರ್" ಎನ್ನುತ್ತಿದ್ದೆ.

"ನನಗೇನೂ ತಿಳೀಲಿಲ್ಲ ಬಿಡವ್ವ" ಎನ್ನುತ್ತಿದ್ದರು ಅತ್ತೆ.

"ನಿಮಗೇನ್ ತಿಳೀತೈತ್ರಿ ಅತ್ತಿ. ಸುಮ್ನ ರೊಟ್ಟಿ ತಿರುವ್ರಿ, ಹೊತ್ತತೈತಿ" ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ.

ಅತ್ತೆಗೆ ತಿಳಿಯದ್ದು ನನಗೂ ತಿಳಿದಿರಲಿಲ್ಲ. ಅದನ್ನು ನನ್ನ ಸೊಂಟದ ಮೇಲೆ ಬೆಳೆದ ಹುಡುಗಿಯ ಮುಂದೆ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ಅವಳಾದರೋ ನನ್ನನ್ನು ನಂಬಿದಳು. ಆರನೇ ತರಗತಿ ಓದಿದ ಅಕ್ಕನಿಗೆ ತಿಳಿದ ಪಾಠ ಆರನೇ ತರಗತಿಯ ಮಕ್ಕಳಿಗೆ ತಿಳಿಯದೆ ಇರುತ್ತದೆಯೇ ಎಂಬ ಧೈರ್ಯದ ಮೇಲೆ ಹಳ್ಳಿಯ ಬಸ್ಸು ಹತ್ತಿದಳು.

ಆ ದಿನ ಅವಳ ಪಾಠ ನೋಡಲು ಕಾಲೇಜಿನಿಂದ ಮೇಡಂ ಬಂದಿದ್ದರು. ಸಂಜೆ ತಂಗಿ ಮನೆಗೆ ಬಂದು ಚೀಲವನ್ನು ಮೂಲೆಗೆ ಎಸೆದಳು. ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ಇಡೀ ತರಗತಿ ಒಂದೇ ಬಾಯಲ್ಲಿ "ಬೋರಿನಾಗಿಂದ್ರಿ" ಎಂದಿತಂತೆ. ನದಿ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಅವಳ ಯೋಜನೆ ಅಲ್ಲಿಗೇ ನಿಂತಿತು. ಕೊನೆಗೆ ತಾನೇ ಉತ್ತರ ಹೇಳಿಕೊಂಡು ಪಾಠ ಮುಂದುವರಿಸಿದಳು. ಶಾಲೆಯ ಗೋಡೆಯ ಮೇಲಿನ ನಕ್ಷೆ ತೋರಿಸಿದಳು. ತಿಳಿಯಿತೇ ಎಂದಾಗ ಎಲ್ಲರೂ "ತಿಳೀತ್ರಿ ಟೀಚರ್" ಎಂದು ರಾಗವಾಗಿ ಹೇಳಿದರು. ಆಗ ಹಿಂದೆ ಕೂತಿದ್ದ ಮೇಡಂ ಎದ್ದು ಬಂದು, ಮುಂದಿನ ಸಾಲಿನ ಒಬ್ಬ ಹುಡುಗಿಯನ್ನು ನಕ್ಷೆಯ ಹತ್ತಿರ ಕರೆದು, "ತುಂಗಭದ್ರಾ ಯಾ ಕಡೆಯಿಂದ ಯಾ ಕಡೆ ಹರೀತೈತಿ, ಬೆರಳಿಟ್ಟು ತೋರ್ಸವ್ವ" ಎಂದರು. ಹುಡುಗಿ ನದಿಯ ಮೇಲಿನ ತುದಿಯಲ್ಲಿ ಬೆರಳಿಟ್ಟು ಸರ್ರನೆ ಕೆಳಗೆ ಎಳೆದಳು. ಮೇಡಂ ಇನ್ನೊಬ್ಬ ಹುಡುಗನನ್ನು ಕರೆದರು. ಅವನೂ ಕೆಳಗೆ ಎಳೆದ. ಕರೆದವರೆಲ್ಲ ಕೆಳಗೇ ಎಳೆದರು. ನಿಜದಲ್ಲಿ ನದಿ ನಕ್ಷೆಯ ಕೆಳಗಿನಿಂದ ಮೇಲಕ್ಕೆ, ಅಂದರೆ ಘಟ್ಟದ ಕಡೆಯಿಂದ ಉತ್ತರಕ್ಕೂ ಪೂರ್ವಕ್ಕೂ ಹೋಗುತ್ತದೆ. ತಂಗಿ ಅದನ್ನು ಆಗಷ್ಟೇ ಎರಡು ಸಲ ಹೇಳಿದ್ದಳು.

"ಪಾಠ ಚೆನ್ನಾಗಿ ಹೇಳಿದಿ. ಆದ್ರ ಯಾರಿಗೆ ಹೇಳಿದಿ?" ಎಂದರಂತೆ ಮೇಡಂ. ಮುಂದೆ ಹೊರಗಿನ ಪರೀಕ್ಷಕರ ಎದುರು ಅಂತಿಮ ಪಾಠವಿತ್ತು. ಅದೂ ಹೀಗೇ ಆದರೆ ಟೀಚರಾಗುವ ಮಾತು ಅಲ್ಲಿಗೇ ಮುಗಿಯುತ್ತದೆ ಎಂದೂ ಹೇಳಿ ಹೋಗಿದ್ದರು.

"ಆ ಹುಡುಗ್ರಿಗೆ ತಲೀನ ಇಲ್ಲಕ್ಕಾ" ಎಂದು ತಂಗಿ ಅತ್ತಳು. "ನಿನಗ ತಿಳೀತಿತ್ತಲ್ಲ, ಅವಕ್ಕ ಯಾಕ ತಿಳೀಬಾರ್ದು?"

ಆಗ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅವಳ ತಲೆ ಸವರುತ್ತಾ ನಾನು ಅಂದದ್ದು ಇದು. "ಹೌದು ಬಿಡು, ದಡ್ಡ ಹುಡುಗ್ರವು. ನಿಂದೇನ್ ತಪ್ಪೈತಿ."

ಇದೇ ನನ್ನನ್ನು ಕಾಡುವ ಮಾತು. ನಾನು ಆ ಮಕ್ಕಳ ಸಾಲಿನವಳು. ಆ ಹುಡುಗಿಯ ಬೆರಳು ಯಾಕೆ ಕೆಳಗೆ ಇಳಿಯಿತು ಎಂಬುದು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಿಕೊಳ್ಳಲು, ಮುಖ ನೋಡದ ಮಕ್ಕಳನ್ನು ದಡ್ಡರೆಂದು ಕರೆದೆ.

ತಂಗಿ ಓದುವುದನ್ನು ಬಿಟ್ಟಳು. ಕಾಲೇಜಿಗೆ ಹೋಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಂದು ನನ್ನ ಪಕ್ಕದ ಮಣೆಯ ಮುಂದೆ ಕೂತು ಹಿಟ್ಟು ನಾದಿದಳು. "ನಾನೂ ಇದ ಮಾಡ್ತೀನಿ ಅಕ್ಕಾ. ನನಗ ಕಲಸಾಕ ಬರಂಗಿಲ್ಲ." ಅವಳು ಬಡಿದ ರೊಟ್ಟಿ ಅಂಚಿನಲ್ಲಿ ಹರಿದು ಹೋಯಿತು. ಇನ್ನೊಂದು ಮಾತು ಬರೆಯಲೇಬೇಕು. ಆ ಗಳಿಗೆ ನನಗೆ ದುಃಖ ಮಾತ್ರ ಆಗಲಿಲ್ಲ. ಇನ್ನು ಇವಳೂ ನನ್ನಂತೆಯೇ ಎಂಬ ಒಂದು ಸಮಾಧಾನ ಎದೆಯೊಳಗೆ ಬಂದು ಹೋಯಿತು. ಅದು ಬಂದದ್ದು ಗೊತ್ತಾದ ಕೂಡಲೇ ನನಗೆ ನನ್ನ ಮೇಲೆ ಅಸಹ್ಯವಾಯಿತು.

ಅತ್ತೆ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವುತ್ತಾ, ಯಾರ ಕಡೆಯೂ ನೋಡದೆ ಹೇಳಿದರು. "ನಿನ್ನ ಶಾಣ್ಯಾ ವಿದ್ಯಾರ್ಥಿ ಇಲ್ಲೇ ಕುಂತಾಳಲ್ಲ, ಆಕಿನ್ನ ಕೇಳಬಾರ್ದ? ಗ್ವಾಡಿ ಮ್ಯಾಗ ಇನ್ನೂ ಜೋತಾಡಾಕ ಹತ್ತೈತಿ ನಿನ್ನ ನಕ್ಷಾ."

ನಾನು ಎದ್ದೆ. ಹಿಟ್ಟಿನ ಕೈಯನ್ನು ಒರೆಸದೆಯೇ ನಕ್ಷೆಯ ಹತ್ತಿರ ಹೋಗಿ, ನದಿಯ ಮೇಲಿನ ತುದಿಯಲ್ಲಿ ಬೆರಳಿಟ್ಟು ಕೆಳಗೆ ಎಳೆದೆ. ಬಿಳಿಯ ಗೆರೆಯೊಂದು ಮೂಡಿತು.

"ನಾನೂ ಹಿಂಗ ತೋರಸ್ತಿದ್ದೆ. ನೀರು ಕೆಳಗ ಹರೀತೈತಿ, ಮ್ಯಾಲ ಹೆಂಗ ಹತ್ತತೈತಿ? ನಾ ಆರನೇತ್ತ ಇದ್ದಾಗ್ಲೂ ನನಗ ಇದು ತಿಳೀಲಿಲ್ಲ. ಸರ್ ತಿಳೀತೇನ ಅಂದ್ರು, ತಿಳೀತ್ರಿ ಅಂದೆ. ನೀ ಕೇಳಿದಾಗ್ಲೂ ಅದನ್ನ ಅಂದೆ."

"ಮತ್ತ ಉತ್ತರ ಎಲ್ಲಾ ಕರೆಕ್ಟ್ ಹೇಳ್ತಿದ್ದೆಲ್ಲ?"

"ನಿನ್ನ ಪಾಠ ಯೋಜನಿ ನೋಡಿ ಹೇಳ್ತಿದ್ದೆ."

ತಂಗಿಯ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ನಾದುವ ಪರಾತದಲ್ಲಿ ಬಿತ್ತು. "ಎಲ್ಲಾ ಪಾಠಕ್ಕೂ?"

"ಎಲ್ಲಾಕೂ ಅಲ್ಲ. ಭಾಳಷ್ಟಕ್ಕ."

"ನಾ ನಿನಗ ಶಬಾಷ್ ಅಂತಿದ್ನೆಲ್ಲ!"

"ಅದಕ್ಕ ಹೇಳ್ತಿದ್ದೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ತಂಗಿಗೆ ನಗು ಬರಲಿಲ್ಲ. ನೀನು ಆಗಲೇ ಒಂದು ಮಾತು ಹೇಳಿದ್ದರೆ ನಾನು ಆ ಮಕ್ಕಳ ಮುಂದೆ ಹಾಗೆ ನಿಲ್ಲುತ್ತಿರಲಿಲ್ಲ ಎಂದು ಬೈದಳು. ಅದು ನಿಜವಾಗಿತ್ತು, ನಾನು ಕೇಳಿಸಿಕೊಂಡೆ. ಆ ದಿನ ನನ್ನ ಕೈಯ ಊಟ ಮಾಡಲಿಲ್ಲ. ಮರುದಿನ ನನಗೆ ಹೇಳದೆಯೇ ಕೊಪ್ಪಳದ ಬಸ್ಸು ಹತ್ತಿ ಹೋದಳು.

ಸಂಜೆ ಬಂದವಳೇ ನಕ್ಷೆಯ ಮುಂದೆ ಮಣೆ ಹಾಕಿದಳು. ತಾನು ಅದರ ಮೇಲೆ ಕೂತು, ಕೋಲನ್ನು ನನ್ನ ಕೈಗೆ ಕೊಟ್ಟಳು.

"ಇವತ್ತ ನೀನ ಟೀಚರ್. ನಿನಗ ಏನೇನ್ ತಿಳೀಲಿಲ್ಲ, ಅಷ್ಟೂ ನನಗ ಹೇಳ."

ಒಂದು ಪ್ರಶ್ನೆ ಹೊರಬಿದ್ದ ಮೇಲೆ ಉಳಿದವು ತಾವಾಗಿಯೇ ಬಂದವು. ಉತ್ತರ ಮೇಲೆಯೇ ಯಾಕಿದೆ? ಅದರ ಮೇಲೆ ಇನ್ನೇನಿದೆ, ಆಕಾಶವೇ? ಕುಷ್ಟಗಿ ಯಲಬುರ್ಗಾಕ್ಕಿಂತ ಮೇಲೆ ಕಾಣುತ್ತದೆ, ಹಾಗಾದರೆ ರೊಟ್ಟಿ ಒಯ್ಯುವ ಗಾಡಿ ಕುಷ್ಟಗಿಗೆ ಹೋಗುವಾಗ ದಿನ್ನೆ ಹತ್ತಬೇಕಲ್ಲ, ನನ್ನ ಗಂಡ ಎಂದೂ ಹಾಗೆ ಹೇಳಿಲ್ಲವಲ್ಲ? ಘಟ್ಟ ಎತ್ತರ ಎನ್ನುತ್ತೀರಿ, ನಕ್ಷೆಯಲ್ಲಿ ಕೆಳಗೆ ಇಡುತ್ತೀರಿ, ಯಾಕೆ?

ಅತ್ತೆಯೂ ಸೇರಿಕೊಂಡರು. "ಹೊಳಿ ದಂಡಿ ಹುಲಿಗಿಗೆ ಹೋಗಾಕ ನಾವು ಹಿಂಗ ಹೋಗ್ತೀವಿ" ಎಂದು ಮನೆಯ ಹಿಂಬಾಗಿಲ ಕಡೆ ಕೈ ಮಾಡಿ ತೋರಿಸಿದರು. "ಈಕಿ ಗ್ವಾಡ್ಯಾಗ ಹುಲಿಗಿ ನೆಲದ ಕಡೀ ಐತಿ. ಹುಲಿಗೆಮ್ಮ ಪಾತಾಳದಾಗ ಅದಾಳೇನು?"

ತಂಗಿ ಮಣೆಯಿಂದ ಎದ್ದಳು. ಆಮೇಲೆ ನಕ್ಷೆಯನ್ನು ಮೊಳೆಯಿಂದ ಬಿಡಿಸಿ ಅಂಗಳದಲ್ಲಿ ಹಾಸಿದಳು. ಸೂರ್ಯ ಮುಳುಗುತ್ತಿದ್ದ ಕಡೆಗೆ ಪಶ್ಚಿಮ ಬರುವಂತೆ ತಿರುಗಿಸಿದಳು. ಹುಲಿಗಿ, ಅತ್ತೆ ಕೈ ಮಾಡಿದ ಕಡೆಗೇ ಬಂತು. ಕುಷ್ಟಗಿ, ಗಾಡಿ ಹೋಗುವ ದಾರಿಯ ಕಡೆಗೇ ಬಂತು. ಗಂಗಾವತಿ ಬೇವಿನ ಗಿಡದ ಕಡೆಗೆ.

ನದಿ ಮೇಲೆ ಹತ್ತುವುದು ಇನ್ನೂ ಉಳಿದಿತ್ತು. ಅವಳು ಒಂದು ಹಾಳೆಯ ಮೇಲೆ ನಮ್ಮ ಮನೆಯನ್ನೇ ಬರೆದಳು. ಅಡುಗೆಮನೆ, ಪಡಸಾಲೆ, ಬಚ್ಚಲು. ನಮ್ಮ ಬಚ್ಚಲ ನೀರು ಉತ್ತರದ ಓಣಿಗೆ ಹೋಗುತ್ತದೆ. ಅದನ್ನೂ ಗೆರೆ ಎಳೆದು ತೋರಿಸಿ, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದಳು. "ಈಗ ಬಚ್ಚಲ ನೀರು ಯಾ ಕಡೆ ಹೊಂಟೈತಿ?"

"ಮ್ಯಾಲ."

"ಖರೇನ ಮ್ಯಾಲ ಹತ್ತತೈತೇನು?"

ನನಗೆ ನಗು ಬಂತು. ಜೋರಾಗಿ ನಕ್ಕೆ. ಎಷ್ಟೋ ವರ್ಷ ನನ್ನೊಳಗೆ ಕೂತಿದ್ದ ಗಂಟು ಬಚ್ಚಲ ನೀರಿನ ಜೊತೆ ಹರಿದು ಹೋಯಿತು. ಗೋಡೆಗೆ ಮೇಲು ಕೆಳಗು ಇದೆ, ಊರುಗಳಿಗೆ ಇರುವುದು ದಿಕ್ಕು. ನೀರು ನೆಲದ ತಗ್ಗನ್ನು ನೋಡಿ ಹೋಗುತ್ತದೆ, ಕಾಗದವನ್ನು ನೋಡಿ ಅಲ್ಲ. ಇದನ್ನು ಅವಳು ಹೇಳಲಿಲ್ಲ, ನಾನೇ ಹೇಳಿದೆ. ಈ ಸಲ ಅವಳು ಶಬಾಷ್ ಎನ್ನಲಿಲ್ಲ, ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು.

ಅಂತಿಮ ಪಾಠಕ್ಕೆ ವಿಷಯವನ್ನು ಅವರವರೇ ಆರಿಸಿಕೊಳ್ಳಬಹುದಿತ್ತು. ಸುಲಭದ್ದು ತೆಗೆದುಕೋ ಎಂದು ಗೆಳತಿಯರು ಹೇಳಿದರು. ತಂಗಿ ಅದೇ ಶಾಲೆ, ಅದೇ ತರಗತಿ, ಅದೇ ನದಿ ಎಂದು ಹಟ ಹಿಡಿದಳು. ಬೋಧನೋಪಕರಣಕ್ಕೆ ಅಂಗಡಿಯ ನಕ್ಷೆ ಬೇಡ, ಮಕ್ಕಳು ತುಳಿದು ಓಡಾಡುವಂಥದ್ದು ಬೇಕು ಎಂದಾಗ ಅತ್ತೆ "ಕೌದಿ ಹೊಲಿಯೂನು" ಎಂದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಕೌದಿ ನಮ್ಮ ಕಡೆ ಹಾಸುವುದಕ್ಕೂ ಹೊದೆಯುವುದಕ್ಕೂ ಇರುತ್ತದೆ. ಭೂಗೋಳಕ್ಕೆ ಯಾರೂ ಹೊಲಿದಿರಲಿಲ್ಲ.

ಘಟ್ಟದಿಂದ ಹಿಡಿದು ನದಿ ಕೃಷ್ಣೆಯನ್ನು ಕೂಡುವವರೆಗಿನ ನಾಡು ಅತ್ತೆ ಪೆಟ್ಟಿಗೆಯಲ್ಲಿ ಇಟ್ಟಿದ್ದ ಮಾವನವರ ಬಿಳಿ ಧೋತರದ ಮೇಲೆ ಬಂತು. ನಮ್ಮ ಕಡೆಯ ನಾಲ್ಕು ಹಳೆಯ ತಾಲ್ಲೂಕುಗಳಿಗೆ ನಾಲ್ಕು ಬಣ್ಣ. ಗದ್ದೆಯ ಗಂಗಾವತಿಗೆ ಅತ್ತೆಯ ಹಸಿರು ಇಳಕಲ್ ಸೀರೆಯ ತುಂಡು, ಎರೆ ನೆಲದ ಯಲಬುರ್ಗಾಕ್ಕೆ ಕಪ್ಪು, ಕುಷ್ಟಗಿಗೆ ಕೆಂಪು, ಕೊಪ್ಪಳಕ್ಕೆ ನನ್ನ ಹಳದಿ ಕುಪ್ಪಸ. ಹೊಸ ತಾಲ್ಲೂಕುಗಳನ್ನು ಒಳಗೆ ದಾರದಲ್ಲಿ ಗೆರೆ ಹಾಕಿ ತೋರಿಸಿದೆವು. ಘಟ್ಟದ ಕಡೆ ಚಿಂದಿ ತುಂಬಿ ದಿಂಬಿನಂತೆ ಉಬ್ಬಿಸಿ, ಬರಬರುತ್ತಾ ತೆಳುಮಾಡಿ, ಆ ಇಳಿಜಾರಿನ ಮೇಲೆ ನೀಲಿ ನದಿಯನ್ನು ಹೊಲಿದೆವು.

"ನಮ್ಮ ಯಲಬುರ್ಗಿ ಇಷ್ಟ ಏನ? ಇನ್ನೊಂದೀಟು ದೊಡ್ಡದ ಮಾಡ್ರಿ" ಎಂದು ಅತ್ತೆ ಜಗಳ ತೆಗೆದರು.

"ಅಳತಿ ತಪ್ಪತೈತ್ರಿ ಅತ್ತಿ."

"ಗಂಗಾವತಿಯವ್ರಿಗೆ ನೀರೂ ಹೆಚ್ಚು, ನನ್ನ ಸೀರೀನೂ ಹೆಚ್ಚು!"

ಪಾಠದ ದಿನ ಕೌದಿಯ ಸುರುಳಿಯನ್ನು ಹೊತ್ತು ನಾನೂ ಬಸ್ಸಿನಲ್ಲಿ ಹೋದೆ. ತರಗತಿಯ ಕೋಣೆಯಲ್ಲಿ ಅದು ಹಿಡಿಸುವುದಿಲ್ಲವೆಂದು ಶಾಲೆಯ ಅಂಗಳದಲ್ಲಿ ದಿಕ್ಕಿಗೆ ಸರಿಯಾಗಿ ಹಾಸಿದೆವು. ಗಂಗಾವತಿ ಕಡೆಯಿಂದ ಬಂದಿದ್ದ ಪರೀಕ್ಷಕರೂ ಕಾಲೇಜಿನ ಮೇಡಂ ಅವರೂ ಕುರ್ಚಿ ಹಾಕಿಕೊಂಡು ಕೂತರು. ನಾನು ಕಟ್ಟೆಯ ಮೇಲೆ ಕೂತೆ. ಇವತ್ತು ಇವಳು ಸೋತರೆ ಅದು ಅರ್ಧ ನನ್ನದು ಎಂದುಕೊಂಡೆ.

ತಂಗಿ ಮಕ್ಕಳನ್ನು ನೋಡಿ ಕೇಳಿದಳು. "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?"

"ಬೋರಿನಾಗಿಂದ್ರಿ!"

"ಹೌದು. ಯಲಬುರ್ಗಾದಲ್ಲಿ ನಮ್ಮ ಮನೆಗೆ ಟ್ಯಾಂಕರಿನಿಂದಲೂ ಬರುತ್ತದೆ." ಮಕ್ಕಳು ನಕ್ಕರು. "ನದಿಯನ್ನು ಕಣ್ಣಿಂದ ಕಂಡವರು ಯಾರು?"

ಇಡೀ ಅಂಗಳದಲ್ಲಿ ಕೈಗಳು ಎದ್ದವು. "ಹುಲಿಗ್ಯಾಗ ನೋಡೀವ್ರಿ!" "ಜಳಕ ಮಾಡೀವ್ರಿ!" "ನನ್ನ ಚಪ್ಪಲಿ ತೇಲಿ ಹೋಗೈತ್ರಿ ಟೀಚರ್!"

"ಚಪ್ಪಲಿ ಯಾವ ಕಡೆ ಹೋಯಿತು?"

"ಆನೆಗುಂದಿ ಕಡೀ ಹೋತ್ರಿ!"

"ಹಾಗಾದರೆ ಇವತ್ತು ಆ ಚಪ್ಪಲಿಯನ್ನು ಹುಡುಕೋಣ ಬನ್ನಿ" ಎಂದಳು ತಂಗಿ. ಮೇಡಂ ಮುಂದಕ್ಕೆ ಬಾಗಿ ಕೂತರು.

ಪಾಠ ಅರ್ಧವಾದಾಗ ಅವಳು ನಿಲ್ಲಿಸಿದಳು. ತಿಳಿಯಿತೇ ಎಂದು ಕೇಳಲಿಲ್ಲ. "ಯಾರಿಗೆ ಏನ್ ತಿಳೀಲಿಲ್ಲ, ಅದನ್ನ ಹೇಳ್ರಿ. ಹೇಳಿದವ್ರು ನನಗ ಉಪಕಾರ ಮಾಡಿದಂಗ" ಎಂದಳು. ಮಕ್ಕಳು ತಲೆ ತಗ್ಗಿಸಿ ಕೌದಿಯ ಅಂಚು ಎಳೆಯುತ್ತಾ ಕೂತರು. ಪರೀಕ್ಷಕರು ಗಡಿಯಾರ ನೋಡಿದರು. ತಂಗಿ ಹೆದರದೆ, ಮುಂದಿನ ಪ್ರಶ್ನೆಗೆ ಹೋಗದೆ ಕಾದಳು. ಕೊನೆಗೆ ಒಬ್ಬ ಹುಡುಗಿ ಎದ್ದಳು. ಹಿಂದಿನ ಸಲ ನಕ್ಷೆಯ ಮೇಲೆ ಮೊದಲು ಬೆರಳೆಳೆದವಳು ಅವಳೇ ಎಂದು ಆಮೇಲೆ ತಿಳಿಯಿತು.

"ಟೀಚರ್, ಆವತ್ತ ಗ್ವಾಡಿ ಮ್ಯಾಲಿನ ನಕ್ಷಾದಾಗ ನದಿ ಮ್ಯಾಲ ಹೊಂಟಿತ್ರಿ. ನೀರು ಮ್ಯಾಲ ಹೆಂಗ ಹತ್ತತೈತ್ರಿ?"

ಮಕ್ಕಳು ಗೊಳ್ಳೆಂದರು. ತಂಗಿ ಕೈಯೆತ್ತಿ ನಗುವನ್ನು ತಡೆದಳು. "ನಗಬ್ಯಾಡ್ರಿ. ಇದು ಇವತ್ತಿನ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನನಗೆ ಈ ಪ್ರಶ್ನೆ ಬೇಕಾಗಿತ್ತು" ಎಂದು ಹುಡುಗಿಯನ್ನು ಬರಿಗಾಲಲ್ಲಿ ಕೌದಿಯ ಮೇಲೆ ಕರೆದಳು. ಘಟ್ಟದ ಉಬ್ಬಿನ ಮೇಲೆ ನಿಲ್ಲಿಸಿ, ನೀಲಿ ಪಟ್ಟಿಯ ಮೇಲೆ ನಡೆಸಿದಳು. "ಕಾಲಿಗೆ ಏನನ್ನಿಸುತ್ತದೆ?"

"ಇಳುಕಲ ಐತ್ರಿ."

"ಮುಖ ಯಾವ ಕಡೆಗಿದೆ?"

ಹುಡುಗಿ ಸೂರ್ಯನನ್ನು ನೋಡಿದಳು, ಶಾಲೆಯ ಬಾಗಿಲನ್ನು ನೋಡಿದಳು. "ಕುಷ್ಟಗಿ ಕಡೀರಿ... ಉತ್ತರಕ್ಕ... ಈಗ ಹೊಳ್ಳಿತ್ರಿ, ಗಂಗಾವತಿ ಕಡೀ, ಪೂರ್ವಕ್ಕ." ಆಮೇಲೆ ಅವಳು ತಾನಾಗಿಯೇ ಕೂಗಿದಳು. "ಟೀಚರ್, ಇದು ಮ್ಯಾಲ ಹತ್ತಂಗಿಲ್ರಿ! ಗ್ವಾಡಿಗೆ ತೂಗುಬಿಟ್ಟಿದ್ದಕ್ಕ ಹಂಗ ಕಂಡಿತ್ರಿ!"

ಅಲ್ಲಿಂದ ಮುಂದೆ ಮಕ್ಕಳನ್ನು ಹಿಡಿಯುವವರಿಲ್ಲ. ಎಲ್ಲರಿಗೂ ನಡೆಯಬೇಕು. ಎಲ್ಲರಲ್ಲೂ ಒಂದೊಂದು ತಿಳಿಯದ್ದು. ಅಣೆಕಟ್ಟು ನೀರನ್ನು ನಿಲ್ಲಿಸಿದರೆ ನದಿ ಸಾಯುವುದಿಲ್ಲವೇ? ಕಾಲುವೆ ಗಂಗಾವತಿಗೆ ಹೋಯಿತು, ನಮ್ಮ ಕಡೆ ಯಾಕೆ ಬರಲಿಲ್ಲ? ತಂಗಿ ಕೆಲವಕ್ಕೆ ಉತ್ತರ ಹೇಳಿದಳು, ಕೆಲವನ್ನು ಮಕ್ಕಳ ಕೈಗೇ ತಿರುಗಿಸಿ ಕೊಟ್ಟಳು, ಒಂದಕ್ಕೆ "ನನಗೂ ಗೊತ್ತಿಲ್ಲ, ನೋಡಿಕೊಂಡು ಬರುತ್ತೇನೆ" ಎಂದಳು. ಬಿಸಿಯೂಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಪರೀಕ್ಷಕರು ಅವಳ ಪಾಠ ಯೋಜನೆಯನ್ನು ತಿರುವಿದರು. "ಏನಮ್ಮ ಇದು, ಮಕ್ಕಳ ಉತ್ತರ ಅಂತ ಇಲ್ಲಿ ಬೋರು, ಟ್ಯಾಂಕರು ಅಂತೆಲ್ಲ ಬರ್ದೀರಿ?"

"ನಮ್ಮ ಮನ್ಯಾಗ ಹಂಗ ಉತ್ತರ ಬರ್ತಾವ್ರಿ ಸರ್. ಮೊದಲ ನಾ ಕೇಳಿಸ್ಕೊಂಡಿರ್ಲಿಲ್ಲ."

ಅವರು ಜೋರಾಗಿ ನಕ್ಕು, ಅವಳನ್ನು ಕೋಣೆಯೊಳಗೆ ಕರೆದುಕೊಂಡು ಹೋದರು. ಮೇಡಂ ಹಿಂದೆಯೇ ಹೋದರು. ನಾನು ಕೌದಿ ಸುತ್ತತೊಡಗಿದೆ. ಆ ಹುಡುಗಿ ಬಂದು ಇನ್ನೊಂದು ತುದಿಯನ್ನು ಹಿಡಿದಳು.

"ನೀವ್ಯಾರ್ರಿ?"

"ನಿಮ್ಮ ಟೀಚರ ಅಕ್ಕ."

ನನಗೆ ತಡೆದುಕೊಳ್ಳಲು ಆಗಲಿಲ್ಲ. ಹೇಳಿಯೇಬಿಟ್ಟೆ. "ತಂಗೀ, ಆವತ್ತ ನಿಮಗ ತಿಳೀಲಿಲ್ಲ ಅಂತ ಕೇಳಿ ನಾ ನಿಮ್ಮನ್ನ ದಡ್ಡರು ಅಂದಿದ್ದೆ. ತಪ್ಪಾತವ್ವ. ನನಗೂ ಅದ ತಿಳ್ದಿರ್ಲಿಲ್ಲ."

ಹುಡುಗಿ ಕೌದಿಯನ್ನು ಇನ್ನೊಂದು ಸುತ್ತು ಸುತ್ತಿದಳು. "ಇರ್ಲಿ ಬಿಡ್ರಿ. ನಾವೂ ಅಂದಿದ್ವಿ."

"ಯಾರಿಗೆ?"

"ಟೀಚರಿಗೆ. ಈ ಟೀಚರಿಗೆ ಬೋರಿನ ನೀರು ಸೈತ ಗೊತ್ತಿಲ್ಲ ಅಂದಿದ್ವಿ."

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ತಂಗಿ ಹೊರಗೆ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು, ಹಿಂದೆ ಬಂದ ಮೇಡಂ ನಗುತ್ತಿದ್ದರು. "ಪಾಸಾಗಿ ಹೋದ್ಲು ನಿಮ್ಮ ತಂಗಿ. ಸರ್ ಕೈ ಬಿಚ್ಚಿ ಅಂಕ ಕೊಟ್ಟಾರ. ಈ ಕೌದಿ ಒಂದು ವಾರ ತಮ್ಮ ಕಾಲೇಜಿಗೆ ಒಯ್ತೀನಿ ಅಂತಾರ, ಕೊಡ್ತೀರಾ?"

"ಅತ್ತೀನ್ನ ಕೇಳ್ಬೇಕ್ರಿ" ಎಂದೆವು ನಾವಿಬ್ಬರೂ ಒಟ್ಟಿಗೆ.

ತಂಗಿ ನನ್ನ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದಳು. ಹುಡುಗಿ ಬಿಡಲಿಲ್ಲ. "ಅನ್ನ ಆರತೈತ್ರಿ ಟೀಚರ್" ಎಂದು ಒಂದು ಕೈಯಲ್ಲಿ ಅವಳನ್ನು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು ಎಳೆದುಕೊಂಡು ಹೋಗಿ, ಆರನೇ ತರಗತಿಯ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿ, ನಮ್ಮ ಮುಂದೆ ಎರಡು ತಟ್ಟೆ ಇಟ್ಟಳು.